ಅಣ್ಣ ಗಡಿಯಲ್ಲಿರುವಾಗ ತಂಗಿ ಶಾಂತಿಯ ಮಾತಾಡಬಹುದಾ?

ಪ್ರಶ್ನೆ: ಮೇಷ್ಟ್ರೇ, ನಾನು ಶಿಡ್ಲಘಟ್ಟದವಳು. ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಮನೆಯಲ್ಲಿ ರೇಷ್ಮೆ ಕೆಲಸ. ಅಣ್ಣ ಸೈನ್ಯದಲ್ಲಿದ್ದಾನೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಯುದ್ಧಕಾಲದಲ್ಲಿ ಶಾಂತಿ ಚಳವಳಿ ಬೇಕೇ?’ ಅನ್ನುವ ವಿಷಯ ಕೊಟ್ಟಿದ್ದರು. ಬೇಕು ಅಂತ ಮಾತಾಡಿದೆ. ಮುಗಿದ ಮೇಲೆ ಒಬ್ಬರು ಎದ್ದು ನಿಂತು, “ಅಣ್ಣ ಗಡಿಯಲ್ಲಿರುವಾಗ ತಂಗಿ ಹೀಗೆ ಮಾತಾಡಬಹುದಾ? ಇಂಥ ಚಳವಳಿಯಿಂದ ಯಾವತ್ತಾದರೂ ಒಂದು ಯುದ್ಧ ನಿಂತಿದೆಯಾ?” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಮುಂದಿನ ಸುತ್ತು ಚಿಕ್ಕಬಳ್ಳಾಪುರದಲ್ಲಿದೆ. ಆರು ನಿಮಿಷ ಸಮಯ. ಏನು ಹೇಳಲಿ?

ಉತ್ತರ: ಅಮ್ಮಾ, ಅವರು ಕೇಳಿದ್ದು ಎರಡು ಪ್ರಶ್ನೆ. ಎರಡನ್ನೂ ಒಟ್ಟಿಗೆ ಎಸೆದಿದ್ದರಿಂದ ನಿಮಗೆ ಉತ್ತರ ಹೊಳೆಯಲಿಲ್ಲ. ಬಿಡಿಸಿ ನೋಡೋಣ.

ಮೊದಲು ಅಣ್ಣನ ಮಾತು. 1999ರಲ್ಲಿ ಕಾರ್ಗಿಲ್ ಕದನ ನಡೆಯುತ್ತಿದ್ದಾಗ ನಾನು ತುಮಕೂರಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ವಿದ್ಯಾರ್ಥಿಗಳ ಜೊತೆ ಡಬ್ಬಿ ಹಿಡಿದು ಎಂ.ಜಿ. ರಸ್ತೆಯಲ್ಲಿ ಅಂಗಡಿ ಅಂಗಡಿಗೆ ಹೋಗಿ ಸೈನಿಕರಿಗಾಗಿ ಹಣ ಎತ್ತಿದೆವು. ಹೂವು ಮಾರುತ್ತಿದ್ದ ಒಬ್ಬ ಅಜ್ಜಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಹಾಕಿದರು. ಹಾಕಿದ ಮೇಲೆ, “ಇದು ಯಾವಾಗ ನಿಲ್ತದೆ ಸ್ವಾಮಿ? ಆ ಮಕ್ಕಳು ಮನೆಗೆ ಯಾವಾಗ ಬರ್ತಾರೆ?” ಅಂತ ಕೇಳಿದರು. ಹುಡುಗರು ನನ್ನ ಮುಖ ನೋಡಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೆ ಆ ಅಜ್ಜಿಗೆ ದೇಶದ ಮೇಲೆ ಪ್ರೀತಿ ಕಮ್ಮಿ ಅಂತ ಅಲ್ಲಿದ್ದ ಯಾರಿಗೂ ಅನ್ನಿಸಲಿಲ್ಲ. ಹತ್ತು ರೂಪಾಯಿ ಬಂದದ್ದೂ ಆ ಪ್ರಶ್ನೆ ಬಂದದ್ದೂ ಒಂದೇ ಮನಸ್ಸಿನಿಂದ ಅಲ್ವಾ? ಅಣ್ಣ ಕ್ಷೇಮವಾಗಿ ಬರಲಿ ಅನ್ನುವ ತಂಗಿ ಯುದ್ಧ ನಿಲ್ಲಲಿ ಅಂದರೆ ಅದರಲ್ಲಿ ಆಶ್ಚರ್ಯ ಏನಿದೆ?

ಇದನ್ನು ಸೈನಿಕರೇ ಹೇಳಿದ್ದಾರೆ. ಸೀಗ್‌ಫ್ರೀಡ್ ಸಸೂನ್ ಬ್ರಿಟಿಷ್ ಸೇನೆಯ ಅಧಿಕಾರಿ, ಕವಿ. ಮೊದಲನೇ ಮಹಾಯುದ್ಧದಲ್ಲಿ ಶೌರ್ಯಕ್ಕೆ ಮಿಲಿಟರಿ ಕ್ರಾಸ್ ಪದಕ ಪಡೆದವರು. 1917ರ ಜುಲೈನಲ್ಲಿ ಅವರು ಒಂದು ಹೇಳಿಕೆ ಬರೆದರು. ಈ ಯುದ್ಧವನ್ನು ನಿಲ್ಲಿಸುವ ಶಕ್ತಿ ಇದ್ದವರೇ ಬೇಕೆಂದು ಎಳೆಯುತ್ತಿದ್ದಾರೆ, ಇನ್ನು ನಾನು ಇದರಲ್ಲಿ ಪಾಲುಗಾರನಾಗಲಾರೆ ಅನ್ನುವುದು ಅದರ ಸಾರ. ಅದನ್ನು ಬ್ರಿಟಿಷ್ ಸಂಸತ್ತಿನಲ್ಲೂ ಓದಿದರು. ಪದಕ ಪಡೆದ ಅಧಿಕಾರಿಯನ್ನು ಜೈಲಿಗೆ ಹಾಕಿದರೆ ಸರ್ಕಾರಕ್ಕೇ ಮುಜುಗರ. ಸ್ನೇಹಿತರೂ ಓಡಾಡಿದರು. ಕೊನೆಗೆ ಮನಸ್ಸಿಗೆ ಆಘಾತವಾಗಿದೆ ಅಂತ ಹೇಳಿ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಸಸೂನ್ ಮತ್ತೆ ರಣರಂಗಕ್ಕೇ ಹೋದರು. ತನ್ನ ಕೈಕೆಳಗಿನ ಹುಡುಗರು ಅಲ್ಲಿ ಸಾಯುತ್ತಿರುವಾಗ ತಾನು ದೂರ ಕೂರುವುದು ಅವರಿಂದ ಆಗಲಿಲ್ಲ. ಹೇಳಿಕೆ ಬರೆದದ್ದೂ ಆ ಹುಡುಗರಿಗಾಗಿ, ವಾಪಸ್ ಹೋದದ್ದೂ ಆ ಹುಡುಗರಿಗಾಗಿ. ನಿಮ್ಮನ್ನು ಪ್ರಶ್ನಿಸಿದವರಿಗೆ ಇದನ್ನು ಹೇಳಿ.

ಇನ್ನೊಂದು ಚಿತ್ರ 1971ರದ್ದು. ಏಪ್ರಿಲ್ 23ರಂದು ವಿಯೆಟ್ನಾಂನಲ್ಲಿ ಕಾದಾಡಿ ಬಂದಿದ್ದ ನೂರಾರು ಅಮೆರಿಕನ್ ಸೈನಿಕರು ವಾಷಿಂಗ್ಟನ್ನಿನಲ್ಲಿ ಸಂಸತ್ ಭವನದ ಮುಂದೆ ಸಾಲಾಗಿ ನಿಂತರು. ಒಬ್ಬೊಬ್ಬರೇ ಬಂದು, ಸತ್ತ ಗೆಳೆಯರ ಹೆಸರು ಹೇಳಿ, ತಮ್ಮ ಪದಕಗಳನ್ನು ಬೇಲಿಯ ಆಚೆಗೆ ಎಸೆದರು. ಕೆಲವರು ಗಾಲಿಕುರ್ಚಿಯಲ್ಲಿ ಬಂದಿದ್ದರು. ಅವರನ್ನು ಹೇಡಿಗಳು ಅನ್ನುವ ಧೈರ್ಯ ಯಾರಿಗಿದೆ?

ಹೇಡಿತನದ ಮಾತು ಬಂದದ್ದರಿಂದ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಎಷ್ಟೋ ಊರುಗಳಲ್ಲಿ ವೀರಗಲ್ಲುಗಳಿವೆ. ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಗುಡಿಯ ಹಿಂದೆ. ತುರುಗೋಳಿನಲ್ಲಿ ದನ ಬಿಡಿಸಲು ಹೋಗಿ ಸತ್ತವನು, ಊರು ಕಾಯಲು ಹೋಗಿ ಸತ್ತವನು ಆ ಕಲ್ಲುಗಳಲ್ಲಿದ್ದಾನೆ. ಅವರನ್ನು ನೆನೆಯುವುದು ಸರಿಯೇ. ಆದರೆ ಕೊಲ್ಲುವುದಿಲ್ಲ ಅಂತ ನಿಂತವನಿಗೂ ಒಂದು ಕಲ್ಲು ಇರಬಹುದಾ? ಲಂಡನ್ನಿನ ಟ್ಯಾವಿಸ್ಟಾಕ್ ಚೌಕದಲ್ಲಿ ಅಂಥದ್ದೊಂದಿದೆ. ಕೊಲ್ಲಲು ಒಲ್ಲೆ ಅನ್ನುವ ಹಕ್ಕನ್ನು ಗಳಿಸಿಕೊಟ್ಟವರಿಗೆ, ಉಳಿಸಿಕೊಂಡು ಬರುತ್ತಿರುವವರಿಗೆ ಅಂತ ಅದರ ಮೇಲೆ ಕೆತ್ತಿದ್ದಾರೆ. 1994ರ ಮೇ 15ರಂದು ಅದನ್ನು ತೆರೆದರು. ಅದೇ ಚೌಕದ ನಡುವೆ ಚಕ್ಕಳಮಕ್ಕಳ ಹಾಕಿ ಕೂತ ನಮ್ಮ ಗಾಂಧೀಜಿಯ ಪ್ರತಿಮೆ ಇದೆ. ಆ ಕಲ್ಲಿಗೂ ಗಾಂಧೀಜಿಗೂ ಇರುವ ನಂಟು ಬರೀ ಜಾಗದ್ದಲ್ಲ. ಇದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದು ಕಮ್ಮಿ, ಅದಕ್ಕೇ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

1916ರಲ್ಲಿ ಬ್ರಿಟನ್ ಕಡ್ಡಾಯ ಸೈನ್ಯಸೇವೆಯ ಕಾನೂನು ತಂದಿತು. ಮನಸ್ಸಾಕ್ಷಿ ಒಪ್ಪದವರು ವಿನಾಯಿತಿ ಕೇಳಬಹುದು ಅನ್ನುವ ಒಂದು ಅಂಶ ಅದರಲ್ಲಿತ್ತು. ಆದರೆ ಅದನ್ನು ವಿಚಾರಿಸುವ ಮಂಡಳಿಗಳು ಬಂದವರನ್ನು ಗದರಿಸಿ ಕಳಿಸಿದ್ದೇ ಜಾಸ್ತಿ. ಸುಮಾರು 16 ಸಾವಿರ ಜನ ನಿರಾಕರಿಸಿದರು. ಅವರಲ್ಲಿ ಯುದ್ಧವನ್ನೇ ಒಪ್ಪದ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರಿದ್ದರು, ಸಮಾಜವಾದಿಗಳಿದ್ದರು, ಮೇಷ್ಟ್ರುಗಳು, ಗುಮಾಸ್ತರು ಇದ್ದರು. ಕೆಲವರು ಬಂದೂಕು ಹಿಡಿಯುವುದಿಲ್ಲ, ಆಂಬುಲೆನ್ಸ್ ಓಡಿಸುತ್ತೇವೆ ಅಂತ ಗುಂಡಿನ ನಡುವೆಯೇ ಗಾಯಾಳುಗಳನ್ನು ಹೊತ್ತರು. ಸಾವಿರಾರು ಜನ ಜೈಲಿಗೆ ಹೋದರು.

ಕೆಲವರನ್ನು ಬಲವಂತವಾಗಿ ಫ್ರಾನ್ಸಿಗೆ ಸಾಗಿಸಿದರು. ಅಲ್ಲಿ ರಣರಂಗದ ಕಾನೂನು. ಆಜ್ಞೆ ಮೀರಿದರೆ ಮರಣದಂಡನೆ. 1916ರ ಜೂನ್‌ನಲ್ಲಿ ಬುಲೋನ್ ಊರಿನ ಹತ್ತಿರ ಸೈನ್ಯದ ಮುಂದೆ ಅವರನ್ನು ನಿಲ್ಲಿಸಿ ತೀರ್ಪು ಓದಿದರು. ಗುಂಡಿಕ್ಕಿ ಕೊಲ್ಲುವ ಶಿಕ್ಷೆ ಅಂತ ಓದಿ ಅಧಿಕಾರಿ ಸ್ವಲ್ಪ ಸುಮ್ಮನಾದ. ಸೇನಾಪತಿ ಹೇಗ್ ಇದನ್ನು ಖಾಯಂ ಮಾಡಿದ್ದಾರೆ ಅಂತ ಓದಿ ಮತ್ತೆ ಸುಮ್ಮನಾದ. ಆಮೇಲೆ, ಹತ್ತು ವರ್ಷದ ಕಠಿಣ ಸಜೆಗೆ ಇಳಿಸಲಾಗಿದೆ ಅಂದ. ಹೀಗೆ ಮರಣದಂಡನೆಯ ತೀರ್ಪು ಕೇಳಿದವರು 35 ಜನ. ಆ ಎರಡು ಮೌನಗಳ ನಡುವೆ ನಿಂತವರ ಎದೆ ಹೇಗೆ ಹೊಡೆದುಕೊಂಡಿರಬೇಕು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಯುದ್ಧ ಮುಗಿದ ಮೇಲೂ ಬಿಡಲಿಲ್ಲ. ನಿರಾಕರಿಸಿದವರ ಮತದಾನದ ಹಕ್ಕನ್ನು ಐದು ವರ್ಷ ಕಿತ್ತುಕೊಂಡರು.

ಅವರಿಂದ ಆ ಯುದ್ಧ ಒಂದು ದಿನವೂ ಬೇಗ ಮುಗಿಯಲಿಲ್ಲ. ಆದರೆ 1939ರಲ್ಲಿ ಬ್ರಿಟನ್ ಮತ್ತೆ ಕಡ್ಡಾಯ ಸೇವೆ ತಂದಾಗ ಮಾತು ಬದಲಾಗಿತ್ತು. ಪ್ರಧಾನಿ ಚೇಂಬರ್ಲೇನ್ ಹಿಂದಿನ ಯುದ್ಧದಲ್ಲಿ ಇಂಥ ಒಂದು ಮಂಡಳಿಯಲ್ಲಿ ಕೂತಿದ್ದವರು. ಇಂಥ ಜನರನ್ನು ಬಲವಂತ ಮಾಡುವುದು ಸುಮ್ನೆ ಕಾಲಹರಣ ಅಂತ ಅವರೇ ಸಂಸತ್ತಿನಲ್ಲಿ ಹೇಳಿದರು. ಈ ಸಲ ಸುಮಾರು 60 ಸಾವಿರ ಜನ ವಿನಾಯಿತಿ ಕೇಳಿ ಹೆಸರು ಬರೆಸಿದರು.

ಈಗ ನಮ್ಮ ದೇಶಕ್ಕೆ ಬರೋಣ. 1939ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಅಂತ ಘೋಷಿಸಿಬಿಟ್ಟರು. ಒಬ್ಬ ಭಾರತೀಯ ನಾಯಕರನ್ನೂ ಕೇಳಲಿಲ್ಲ. ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಗಾಂಧೀಜಿ ಶಿಮ್ಲಾಗೆ ಹೋಗಿ ವೈಸರಾಯರನ್ನು ಕಂಡರು. ಅವರು ಕೇಳಿದ್ದು ಒಂದೇ: ಈ ಯುದ್ಧಕ್ಕೆ ಸಹಾಯ ಮಾಡಬೇಡಿ ಅಂತ ಜನರಿಗೆ ಹೇಳುವ ಸ್ವಾತಂತ್ರ್ಯ. ಅದಕ್ಕೆ ವೈಸರಾಯ್ ಯಾವ ಉದಾಹರಣೆ ಕೊಟ್ಟರು ಗೊತ್ತಾ? ಬ್ರಿಟನ್ನಿನ ಅದೇ ನಿರಾಕರಣೆಗಾರರದ್ದು. ಅಲ್ಲಿ ಮನಸ್ಸಾಕ್ಷಿ ಒಪ್ಪದವನು ಸೇವೆಯಿಂದ ಹೊರಗುಳಿಯಬಹುದು, ತನ್ನ ನಂಬಿಕೆಯನ್ನು ಹೇಳಿಕೊಳ್ಳಬಹುದು, ಆದರೆ ಸೈನಿಕರನ್ನೋ ಕೆಲಸಗಾರರನ್ನೋ ತನ್ನ ಕಡೆ ಎಳೆಯುವ ಹಾಗಿಲ್ಲ ಅಂದರು. ನೋಡಿ, 1916ರಲ್ಲಿ ಕೆಲವು ಗುಮಾಸ್ತರು, ಮೇಷ್ಟ್ರುಗಳು ಜೈಲಿನಲ್ಲಿ ಕೂತು ಗಳಿಸಿದ ಹಕ್ಕು 24 ವರ್ಷ ಆದ ಮೇಲೆ ಶಿಮ್ಲಾದಲ್ಲಿ ಇಬ್ಬರು ದೊಡ್ಡವರ ನಡುವಿನ ಅಳತೆಗೋಲಾಯಿತು. ಚಳವಳಿಯಿಂದ ಏನು ಆಯಿತು ಅಂತ ಕೇಳಿದರೆ ಇಂಥ ಕಡೆಯೂ ಹುಡುಕಬೇಕು.

ಅಷ್ಟು ಸಾಲದು ಅಂತ ಗಾಂಧೀಜಿ ಹೊರಟುಬಂದರು. ಹಾಗೆ ಶುರುವಾದದ್ದು ವೈಯಕ್ತಿಕ ಸತ್ಯಾಗ್ರಹ. 1940ರ ಅಕ್ಟೋಬರ್ 17ರಂದು ವಾರ್ಧಾ ಹತ್ತಿರದ ಪವನಾರ್‌ನಲ್ಲಿ ವಿನೋಬಾ ಭಾವೆ ಮೊದಲ ಸತ್ಯಾಗ್ರಹಿಯಾಗಿ ಭಾಷಣ ಮಾಡಿದರು. ಎರಡನೆಯವರು ನೆಹರೂ ಆಗಬೇಕಿತ್ತು. ಭಾಷಣಕ್ಕೆ ಮೊದಲೇ ಅವರನ್ನು ಹಿಡಿದು ನಾಲ್ಕು ವರ್ಷದ ಸಜೆ ಹಾಕಿದರು. ಸತ್ಯಾಗ್ರಹಿ ಎಲ್ಲಿ, ಯಾವಾಗ ಮಾತಾಡುತ್ತೇನೆ ಅಂತ ಮ್ಯಾಜಿಸ್ಟ್ರೇಟರಿಗೆ ಮೊದಲೇ ಕಾಗದ ಬರೆಯಬೇಕಿತ್ತು. ಹೇಳಬೇಕಾದ್ದು ಎರಡೇ ಸಾಲು. ಜನ ಕೊಟ್ಟು, ಹಣ ಕೊಟ್ಟು ಬ್ರಿಟಿಷರ ಯುದ್ಧಕ್ಕೆ ನೆರವಾಗುವುದು ತಪ್ಪು. ಎಲ್ಲ ಯುದ್ಧವನ್ನೂ ಅಹಿಂಸೆಯಿಂದ ಎದುರಿಸುವುದೇ ಸರಿ. ಪೊಲೀಸರು ಹಿಡಿಯದಿದ್ದರೆ ದೆಹಲಿಯ ಕಡೆಗೆ ನಡೆಯುತ್ತಾ, ಊರೂರಲ್ಲಿ ಅದನ್ನೇ ಹೇಳುತ್ತಾ ಹೋಗಬೇಕು. 20 ಸಾವಿರಕ್ಕೂ ಹೆಚ್ಚು ಜನ ಹೀಗೆ ಜೈಲು ಸೇರಿದರು. ಬ್ರಿಟಿಷ್ ಅಧಿಕಾರಿಗಳಿಗೆ ಹಬ್ಬದಲ್ಲಿ ತೊಂದರೆ ಆಗದಿರಲಿ ಅಂತ ಕ್ರಿಸ್‌ಮಸ್ ದಿನಗಳಲ್ಲಿ ಗಾಂಧೀಜಿ ಚಳವಳಿ ನಿಲ್ಲಿಸಿದ್ದರು. ಎದುರಾಳಿಯನ್ನು ಹೀಗೂ ನೋಡಬಹುದು ಅಂತ ಕಲಿತದ್ದು ನಾನು ಅಲ್ಲಿಂದಲೇ.

ನಾವು ಇದನ್ನು ಸ್ವಾತಂತ್ರ್ಯ ಹೋರಾಟದ ಒಂದು ಸಣ್ಣ ಅಧ್ಯಾಯ ಅಂತ ಓದಿ ಮುಂದೆ ಹೋಗುತ್ತೇವೆ. ನಿಜ ನೋಡಿದರೆ, ಜಗತ್ತೆಲ್ಲ ಯುದ್ಧದಲ್ಲಿ ಮುಳುಗಿದ್ದಾಗ ಯುದ್ಧಕ್ಕೇ ಬೇಡ ಅಂದ ದೊಡ್ಡ ಚಳವಳಿಗಳಲ್ಲಿ ಅದೂ ಒಂದು.

ಗಾಂಧೀಜಿ ಹುಟ್ಟಿನಿಂದಲೇ ಹೀಗಿದ್ದರು ಅಂತ ವೇದಿಕೆಯಲ್ಲಿ ಹೇಳಬೇಡಿ. 1918ರಲ್ಲಿ ಅವರೇ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಹಳ್ಳಿ ಹಳ್ಳಿ ಸುತ್ತಿ ಬ್ರಿಟಿಷ್ ಸೈನ್ಯಕ್ಕೆ ಸೇರಿ ಅಂದಿದ್ದರು. ಕಂದಾಯದ ಸತ್ಯಾಗ್ರಹದಲ್ಲಿ ಅವರ ಹಿಂದೆ ಬಂದಿದ್ದ ರೈತರೇ, ಅಹಿಂಸೆ ಹೇಳುವ ನೀವು ಬಂದೂಕು ಹಿಡಿಯಿರಿ ಅನ್ನುತ್ತೀರಲ್ಲ ಅಂತ ಕೇಳಿದರು. ಗಾಂಧೀಜಿ ಇದನ್ನು ಮುಚ್ಚಿಡದೆ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ನಿಮ್ಮ ಜಿಲ್ಲೆಯ ನಂದಿಬೆಟ್ಟದಲ್ಲಿ 1927ರಲ್ಲೂ 1936ರಲ್ಲೂ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದ ಗಾಂಧೀಜಿ 1918ರ ಗಾಂಧೀಜಿ ಅಲ್ಲ. ಅವರು ಯೋಚಿಸುತ್ತಾ ಬದಲಾದರು. ಇನ್ನು ಬರಿಗೈಯಲ್ಲಿ ನಿಲ್ಲುವುದು ಸುಲಭ ಅನ್ನುವವರಿಗೆ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥ ತೋರಿಸಿ. 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿತು.

ಈಗ ಎರಡನೇ ಪ್ರಶ್ನೆ. ಯುದ್ಧ ನಿಂತಿದೆಯಾ?

ಎಷ್ಟೋ ಸಲ ನಿಂತಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳಿ, ಎದುರಾಳಿಯ ಅರ್ಧ ಬಲ ಅಲ್ಲೇ ಕಮ್ಮಿ ಆಗುತ್ತದೆ. 1915ರ ಏಪ್ರಿಲ್ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರು ಸೇರಿದರು. ಅವರಲ್ಲಿ ಯುದ್ಧ ಮಾಡುತ್ತಿದ್ದ ದೇಶಗಳವರೂ ಇದ್ದರು. ಒಬ್ಬರ ಗಂಡ ಇನ್ನೊಬ್ಬರ ತಮ್ಮನ ಮೇಲೆ ಗುಂಡು ಹಾರಿಸುತ್ತಿರುವಾಗ ಅವರು ಒಂದೇ ಕೋಣೆಯಲ್ಲಿ ಕೂತು ಮಾತಾಡಿದರು. ಅಧ್ಯಕ್ಷತೆ ಅಮೆರಿಕದ ಜೇನ್ ಆಡಮ್ಸ್ ಅವರದು. ಬ್ರಿಟನ್ನಿನಿಂದ 180 ಹೆಂಗಸರು ಹೊರಟಿದ್ದರು, ಸಮುದ್ರದ ದಾರಿಯನ್ನೇ ಮುಚ್ಚಿದ್ದರಿಂದ ಮುಟ್ಟಿದವರು ಮೂವರು. ಸಭೆ ಮುಗಿದ ಮೇಲೆ ಅವರ ನಿಯೋಗಗಳು ರಾಜಧಾನಿಯಿಂದ ರಾಜಧಾನಿಗೆ ಹೋಗಿ, ತಟಸ್ಥ ದೇಶಗಳು ಕೂತು ಮಧ್ಯಸ್ಥಿಕೆ ಮಾಡಲಿ ಅಂತ ಕೇಳಿದವು. ಮಂತ್ರಿಗಳು ಕೇಳಿಸಿಕೊಂಡರು. ಯುದ್ಧ ಇನ್ನೂ ಮೂರು ವರ್ಷ ನಡೆಯಿತು. ಬಂದೂಕಿನ ತುದಿಗೆ ಚೂರಿ ಸಿಕ್ಕಿಸಿ ನುಗ್ಗುವ ಬಯೊನೆಟ್ ದಾಳಿಗೆ ಮುಂಚೆ ಸೈನಿಕರಿಗೆ ಮತ್ತು ಬರಿಸುವಂಥದ್ದು ಕುಡಿಸುತ್ತಾರಂತೆ ಅಂತ ಆಡಮ್ಸ್ ಒಂದು ಸಭೆಯಲ್ಲಿ ಹೇಳಿದ್ದಕ್ಕೆ ಅಮೆರಿಕದ ಪತ್ರಿಕೆಗಳು ಅವರನ್ನು ಹರಿದು ಹಾಕಿದವು. ಅದಕ್ಕೆ ಮುಂಚೆ ಇಡೀ ದೇಶ ಕೈಮುಗಿಯುತ್ತಿದ್ದ ಹೆಂಗಸು ಅವರು. 1931ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಕೊಟ್ಟರು. ಹದಿನಾರು ವರ್ಷ ಬೇಕಾಯಿತು.

2003ರ ಫೆಬ್ರವರಿ 15ರಂದು ಇರಾಕ್ ಯುದ್ಧ ಬೇಡ ಅಂತ ಪ್ರಪಂಚದ ಸುಮಾರು 600 ಊರುಗಳಲ್ಲಿ ಜನ ಬೀದಿಗಿಳಿದರು. ಮುಂದಿನ ತಿಂಗಳು 20ನೇ ತಾರೀಖು ಯುದ್ಧ ಶುರುವಾಗೇ ಹೋಯಿತು.

ಆದರೆ 1969ರ ಕಥೆ ಕೇಳಿ. ನನಗೆ ಇದು ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಅಧ್ಯಕ್ಷ ನಿಕ್ಸನ್ ಉತ್ತರ ವಿಯೆಟ್ನಾಂಗೆ ಗುಟ್ಟಾಗಿ ಗಡುವು ಕೊಟ್ಟಿದ್ದರು. ನವೆಂಬರ್ 1ರೊಳಗೆ ದಾರಿಗೆ ಬರದಿದ್ದರೆ ಭಾರೀ ದಾಳಿ ಅಂತ. ಅದಕ್ಕೆ ಯೋಜನೆಯೂ ತಯಾರಾಗುತ್ತಿತ್ತು. ಅಕ್ಟೋಬರ್ 15ರಂದು ಅಮೆರಿಕದ ಉದ್ದಗಲಕ್ಕೂ ಜನ ಕೆಲಸ ನಿಲ್ಲಿಸಿ, ಮೇಣದಬತ್ತಿ ಹಿಡಿದು, ಸತ್ತ ಸೈನಿಕರ ಹೆಸರು ಓದುತ್ತಾ ನಿಂತರು. ಅಂದಾಜು 20 ಲಕ್ಷ ಜನ. ಇದರಿಂದ ನನ್ನ ಮೇಲೆ ಏನೂ ಪರಿಣಾಮ ಆಗುವುದಿಲ್ಲ ಅಂತ ನಿಕ್ಸನ್ ಮೊದಲೇ ಹೇಳಿದ್ದರು. ಜನ ಮನೆಗೆ ಹೋದರು. ಯುದ್ಧ ನಿಲ್ಲಲಿಲ್ಲ. ಸೋತೆವು ಅಂದುಕೊಂಡವರೇ ಜಾಸ್ತಿ. ಆದರೆ ನವೆಂಬರ್ 1 ಬಂದು ಹೋಯಿತು, ಆ ದಾಳಿ ನಡೆಯಲಿಲ್ಲ. ಈ ಚಳವಳಿಯಿಂದ ತನ್ನ ಬೆದರಿಕೆಗೆ ಬೆಲೆ ಇಲ್ಲದಂತಾಯಿತು ಅಂತ ನಿಕ್ಸನ್ ಅವರೇ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು. ಅಂದು ಮೇಣದಬತ್ತಿ ಹಿಡಿದ ಹುಡುಗಿಗೆ ತಾನು ಏನನ್ನು ತಡೆದೆ ಅಂತ ಆ ರಾತ್ರಿ ಗೊತ್ತಿರಲಿಲ್ಲ. ನಡೆಯದೇ ಹೋದ ದಾಳಿಗೆ ಲೆಕ್ಕವೂ ಇಲ್ಲ, ಕಲ್ಲೂ ಇಲ್ಲ.

ನೇರವಾಗಿ ನಿಲ್ಲಿಸಿದ ಉದಾಹರಣೆಯೇ ಬೇಕು ಅಂದರೆ ಲೈಬೀರಿಯಾ. ಪಶ್ಚಿಮ ಆಫ್ರಿಕಾದ ಸಣ್ಣ ದೇಶ. 2003ರಲ್ಲಿ ಒಳಯುದ್ಧದಿಂದ ನಲುಗಿಹೋಗಿತ್ತು. ಲೇಮಾ ಬೊವಿ ಅನ್ನುವ ತಾಯಿಯ ಮುಂದಾಳತ್ವದಲ್ಲಿ ಕ್ರೈಸ್ತ, ಮುಸ್ಲಿಂ ಹೆಂಗಸರು ಒಟ್ಟಾಗಿ ಬಿಳಿ ಬಟ್ಟೆ ತೊಟ್ಟು ರಾಜಧಾನಿಯ ಮೀನು ಮಾರುಕಟ್ಟೆ ಹತ್ತಿರದ ಬಯಲಿನಲ್ಲಿ ದಿನಾ ಕೂತರು. ಬಿಸಿಲು ಅನ್ನಲಿಲ್ಲ, ಮಳೆ ಅನ್ನಲಿಲ್ಲ. ಸಂಧಾನದ ಮಾತು ಘಾನಾ ದೇಶದ ಅಕ್ರಾದಲ್ಲಿ ಶುರುವಾಗಿ ವಾರಗಟ್ಟಲೆ ಎಳೆಯಿತು. ಇತ್ತ ಊರಲ್ಲಿ ಮಕ್ಕಳು ಸಾಯುತ್ತಿದ್ದರು, ಅತ್ತ ನಾಯಕರು ಹೋಟೆಲಿನಲ್ಲಿದ್ದರು. ಹೆಂಗಸರು ಅಲ್ಲಿಗೂ ಹೋಗಿ ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು, ಒಪ್ಪಂದ ಆಗುವವರೆಗೆ ಯಾರೂ ಹೊರಗೆ ಬರುವ ಹಾಗಿಲ್ಲ ಅಂತ. ಕಾವಲಿನವರು ಬಂಧಿಸಲು ಬಂದಾಗ ಬೊವಿ ಮೈಮೇಲಿನ ಬಟ್ಟೆ ಕಳಚಲು ಶುರು ಮಾಡಿದರು. ತಾಯಿ ಹಾಗೆ ಮಾಡಿದರೆ ನೋಡಿದವರಿಗೆ ಶಾಪ ಅಂತ ಅಲ್ಲಿನ ನಂಬಿಕೆ. ಕಾವಲಿನವರು ಹಿಂದೆ ಸರಿದರು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು. ಬಂಡುಕೋರರು ರಾಜಧಾನಿ ಸುತ್ತಿದ್ದೂ, ಹೊರಗಿನ ದೇಶಗಳ ಒತ್ತಡವೂ, ಶಾಂತಿಪಾಲನಾ ಪಡೆ ಬಂದದ್ದೂ ಅದರಲ್ಲಿ ಸೇರಿದೆ. ಆದರೆ ಆ ಹೆಂಗಸರನ್ನು ಬಿಟ್ಟು ಆ ಕಥೆ ಹೇಳಲು ಆಗುವುದಿಲ್ಲ. 2011ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೂವರಲ್ಲಿ ಬೊವಿ ಒಬ್ಬರು.

ಶಾಂತಿ ಅಂದವರೆಲ್ಲ ಯಾವಾಗಲೂ ಸರಿ ಅಂತ ನಾನು ಹೇಳುತ್ತಿಲ್ಲ. ಐನ್‌ಸ್ಟೈನ್ ಮೊದಲು ಯುವಕರು ಸೈನ್ಯಸೇವೆ ನಿರಾಕರಿಸಬೇಕು ಅನ್ನುತ್ತಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ, ನಾನು ಬೆಲ್ಜಿಯಂನವನಾಗಿದ್ದರೆ ಸೈನ್ಯ ಸೇರುತ್ತಿದ್ದೆ ಅಂತ ಬರೆದರು. ಜನೆಟ್ ರ‍್ಯಾಂಕಿನ್ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಹೆಂಗಸು. 1917ರಲ್ಲಿ ಯುದ್ಧ ಬೇಡ ಅಂತ ಮತ ಹಾಕಿದ 50 ಜನರಲ್ಲಿ ಒಬ್ಬರು. ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮರುದಿನ, 1941ರ ಡಿಸೆಂಬರ್ 8ರಂದು, ಜಪಾನ್ ಮೇಲೆ ಯುದ್ಧ ಸಾರುವುದರ ಪರವಾಗಿ 388 ಮತ ಬಿದ್ದವು. ಬೇಡ ಅಂದದ್ದು ರ‍್ಯಾಂಕಿನ್ ಒಬ್ಬರೇ. ಜನ ಮುತ್ತಿಗೆ ಹಾಕಿದಾಗ ಟೆಲಿಫೋನ್ ಬೂತಿನೊಳಗೆ ಹೋಗಿ ಪೊಲೀಸರನ್ನು ಕರೆಯಬೇಕಾಯಿತು. ಆಮೇಲೆ ಅವರು ಗಾಂಧೀಜಿಯ ದಾರಿ ತಿಳಿಯಲು ಭಾರತಕ್ಕೆ ಹಲವು ಸಲ ಬಂದರು. 1941ರಲ್ಲಿ ಅಲ್ಲಿದ್ದಿದ್ದರೆ ನಾನು ಆ 388ರಲ್ಲಿ ಇರುತ್ತಿದ್ದೆ. ಜಪಾನನ್ನೋ ಹಿಟ್ಲರನನ್ನೋ ಮೇಣದಬತ್ತಿಯಿಂದ ತಡೆಯಬಹುದಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಹಾಗಂತ ಆ ಒಂದು ಮತ ಇರಬಾರದಿತ್ತು ಅಂತಲೂ ಅನ್ನಿಸುವುದಿಲ್ಲ. ಬೇಡ ಅನ್ನುವ ಒಬ್ಬರಿಗೂ ಜಾಗ ಇರುವ ಸಭೆಯಲ್ಲಿ ಮಾತ್ರ ಯುದ್ಧ ಯಾಕೆ, ಎಲ್ಲಿಯವರೆಗೆ, ಯಾವ ಬೆಲೆಗೆ ಅಂತ ಕೇಳಲು ಆಗುತ್ತದೆ. ಆ ಕೇಳ್ವಿಕೆ ಬೇಕಾಗಿರುವುದು ಗುಂಡಿನ ಮುಂದೆ ನಿಂತ ನಿಮ್ಮ ಅಣ್ಣನಂಥವರಿಗೇ.

ನಿಮ್ಮದು ರೇಷ್ಮೆ ಮನೆ ಅಂದಿರಿ. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಹೊಲಿಯಲು ರೇಷ್ಮೆ ಬೇಕಾಗಿ ಮೈಸೂರು ಸಂಸ್ಥಾನದ ನೂಲಿಗೆ ಒಳ್ಳೆ ಬೇಡಿಕೆ ಬಂದಿತ್ತು. ದೂರದ ಯುದ್ಧದಿಂದ ಗೂಡಿನ ಬೆಲೆ ಏರಿತ್ತು. ಯುದ್ಧ ಅಂದರೆ ಬರೀ ಆವೇಶ ಅಲ್ಲ, ಯಾರದೋ ಮನೆಯ ಒಲೆಯೂ ಅದರಿಂದ ಉರಿಯುತ್ತದೆ. ಆದ್ದರಿಂದಲೇ ನಿಲ್ಲಿಸಿ ಅನ್ನುವುದು ಕಷ್ಟ. ಮನೆಯ ಹಿರಿಯರಿಗೆ ಆ ಕಾಲದ ಮಾತು ಏನಾದರೂ ಗೊತ್ತಿದ್ದರೆ ಕೇಳಿ ಬರೆದಿಟ್ಟುಕೊಳ್ಳಿ.

ಆರು ನಿಮಿಷಕ್ಕೆ ಇದೆಲ್ಲ ತುರುಕಬೇಡಿ. ಸಸೂನ್ ಒಂದು ನಿಮಿಷ. ವಿನೋಬಾ ಎರಡು ನಿಮಿಷ. 1969ರ ಅಕ್ಟೋಬರ್ ಎರಡು ನಿಮಿಷ, ಇಸವಿ ತಾರೀಖು ಸರಿಯಾಗಿ ಹೇಳಿ. ಉಳಿದ ಒಂದು ನಿಮಿಷ ಸೋತ ಉದಾಹರಣೆಗೆ ಇಟ್ಟುಕೊಳ್ಳಿ, ಇರಾಕ್ ಸಾಕು. ಅಣ್ಣನ ವಿಷಯ ವೇದಿಕೆಗೆ ತರುವ ಮೊದಲು ಅವರು ಫೋನ್ ಮಾಡಿದಾಗ ಒಂದು ಮಾತು ಕೇಳಿ. ಬೇಡ ಅಂದರೆ ಬಿಟ್ಟುಬಿಡಿ. ಹೇಳು ಅಂದರೆ, ಅವರು ಏನು ಅಂದರೋ ಅದನ್ನು ಅವರ ಮಾತಿನಲ್ಲೇ ಹೇಳಿ.